ಡೆವಲಪ್‌ಮೆಂಟ್‌ನಿಂದ ರಿಲೀಸ್‌ಗೆ: ವೆಬ್ ಆ್ಯಪ್ ಸೆಟ್ಟಿಂಗ್ ಬದಲಾಯಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ವಿಜಯನಗರದಲ್ಲಿ ನಮ್ಮದೊಂದು ಚಿಕ್ಕ ಆಫೀಸು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ವೆಬ್ ಆ್ಯಪ್ ಮಾಡಿಕೊಡುತ್ತೇವೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬರುವ ಇಂಟರ್ನ್‌ಗಳು, ಮೇಲ್ ಹಾಕುವ ಕಾಲೇಜು ಹುಡುಗ ಹುಡುಗಿಯರು, ಎಲ್ಲರೂ ಸುತ್ತಿ ಬಳಸಿ ಬರುವುದು ಇಲ್ಲಿಗೇ: ನಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಸೆಟ್ಟಿಂಗ್, ಸರ್ವರ್ ಮೇಲೆ ಇನ್ನೊಂದು. ಇದನ್ನು ತಪ್ಪಿಲ್ಲದೆ ಬದಲಾಯಿಸುವುದು ಹೇಗೆ?

ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಫೈಲ್ ಮತ್ತು ಕಮಾಂಡ್ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಡಿಬಗ್ ಬಿಲ್ಡ್, ರಿಲೀಸ್ ಬಿಲ್ಡ್ ಅಂತಾರಲ್ಲ, ಕೋಡ್ ಒಂದೇ ತಾನೆ? ವ್ಯತ್ಯಾಸ ಏನು?

ಕೋಡ್ ಒಂದೇ. ಅದನ್ನು ಕಟ್ಟುವ ರೀತಿ ಬೇರೆ. ಡಿಬಗ್‌ನಲ್ಲಿ ಕಂಪೈಲರ್ ಕೋಡನ್ನು ಜಾಸ್ತಿ ಬಿಗಿ ಮಾಡಲು ಹೋಗುವುದಿಲ್ಲ. ಹಾಗಾಗಿ ಸಾಲು ಸಾಲಾಗಿ ನಿಲ್ಲಿಸಿ ನೋಡಬಹುದು, ವೇರಿಯಬಲ್ ಒಳಗೆ ಏನಿದೆ ಅಂತ ಇಣುಕಬಹುದು. ರಿಲೀಸ್‌ನಲ್ಲಿ ವೇಗಕ್ಕೆ ತಕ್ಕಂತೆ ಕೋಡನ್ನು ಸರಿಮಾಡಿ ಕಟ್ಟುತ್ತದೆ.

ಇದು ಕಟ್ಟುವ ಮಾತಾಯಿತು. ಆ್ಯಪ್ ಯಾವ ಡೇಟಾಬೇಸ್ ಜೊತೆ ಮಾತಾಡಬೇಕು, ಯಾರ ಮೊಬೈಲಿಗೆ ಎಸ್‌ಎಂಎಸ್ ಕಳಿಸಬೇಕು ಅನ್ನುವುದು ಓಡುವ ಜಾಗದ ಮಾತು. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಆಲೆಮನೆಯಲ್ಲಿ ಪಾಕ ಒಂದೇ ಇರುತ್ತದೆ, ಅಚ್ಚಿಗೆ ಹೊಯ್ದರೆ ಅಚ್ಚು ಬೆಲ್ಲ, ಬಕೆಟ್ಟಿಗೆ ಹೊಯ್ದರೆ ಬಕೆಟ್ ಬೆಲ್ಲ. ಕೋಡ್ ಪಾಕ, ಸೆಟ್ಟಿಂಗ್ ಅಚ್ಚು. ಅಚ್ಚು ಬದಲಾಯಿಸಲು ಪಾಕಕ್ಕೆ ಕೈ ಹಾಕಬಾರದು.

ಯಾವುದನ್ನ ಕಾನ್ಫಿಗ್ ಫೈಲ್‌ಗೆ ಹಾಕ್ಬೇಕು, ಯಾವುದನ್ನ ಕೋಡಲ್ಲೇ ಬಿಡ್ಬೇಕು? ನಮ್ಮ ಟೀಮಲ್ಲಿ ಎಲ್ಲಾನೂ ಕಾನ್ಫಿಗ್‌ಗೆ ತುಂಬಿದ್ದೀವಿ.

ಒಂದು ಉದಾಹರಣೆ ಹೇಳುತ್ತೇನೆ. ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ ತೋರಿಸುವ ಪುಟವೊಂದನ್ನು ಅಭ್ಯಾಸಕ್ಕಾಗಿ ಮಾಡಿ ಅಂತ ಇಂಟರ್ನ್‌ಗಳಿಗೆ ಕೊಡುತ್ತೇನೆ. ಗರಿಷ್ಠ ಮಟ್ಟ 124.80 ಅಡಿ. ಈ ಸಂಖ್ಯೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಅಷ್ಟೇ, ಸರ್ವರ್ ಮೇಲೂ ಅಷ್ಟೇ. ಅದು ಕೋಡಿನಲ್ಲಿ ಒಂದು ಕಾನ್‌ಸ್ಟಂಟ್ ಆಗಿ ಕೂತಿರಲಿ. ದಿನದ ಮಟ್ಟವನ್ನು ಎಲ್ಲಿಂದ ತರಬೇಕು ಅನ್ನುವ ವಿಳಾಸ ಮಾತ್ರ ಕಾನ್ಫಿಗ್‌ಗೆ ಬರಬೇಕು, ಯಾಕಂದರೆ ನಿಮ್ಮ ಯಂತ್ರದಲ್ಲಿ ಅದು ಸುಳ್ಳು ಡೇಟಾ ಕೊಡುವ ಲೋಕಲ್ ಸರ್ವಿಸ್, ಹೊರಗೆ ನಿಜವಾದ್ದು.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಜಾಗ ಬದಲಾದರೆ ಇದು ಬದಲಾಗುತ್ತದಾ? ಕನೆಕ್ಷನ್ ಸ್ಟ್ರಿಂಗ್ (ಯಾವ ಡೇಟಾಬೇಸ್, ಯಾವ ಪಾಸ್‌ವರ್ಡ್ ಅಂತ ಹೇಳುವ ಸಾಲು), ಮೇಲ್ ಸರ್ವರ್, ಪೇಮೆಂಟ್ ಕೀ, ಲಾಗ್ ಎಷ್ಟು ಬರೆಯಬೇಕು, ಅಪ್‌ಲೋಡ್ ಆದ ಫೈಲ್ ಯಾವ ಫೋಲ್ಡರ್‌ಗೆ ಹೋಗಬೇಕು, ಇವೆಲ್ಲ ಬದಲಾಗುತ್ತವೆ. ಬದಲಾಗದ ಐವತ್ತು ಸೆಟ್ಟಿಂಗ್ ನಡುವೆ ಬದಲಾಗುವ ಐದು ಮುಚ್ಚಿಹೋದರೆ, ರಿಲೀಸ್ ದಿನ ಕಣ್ಣಿಗೆ ಬೀಳುವುದೇ ಇಲ್ಲ.

ಸರ್ವರ್‌ಗೆ ಪಬ್ಲಿಶ್ ಮಾಡೋ ಮುಂಚೆ ಕೈಯಲ್ಲೇ ಒಂದೆರಡು ಸಾಲು ಬದಲಾಯಿಸಿದ್ರೆ ಆಗಲ್ವಾ? ಅಷ್ಟಕ್ಕೆ ಇಷ್ಟೊಂದು ಯಾಕೆ?

ನಾನೂ ಕೆಲವು ವರ್ಷ ಹಾಗೇ ಮಾಡುತ್ತಿದ್ದೆ. ಮಂಡ್ಯ ಕಡೆಯ ಒಬ್ಬ ಗ್ರಾಹಕರಿಗೆ ಕಬ್ಬಿನ ಲೋಡ್ ಲೆಕ್ಕ ಇಡುವ ಆ್ಯಪ್ ಮಾಡಿದ್ದೆವು. ಗಾಡಿ ತೂಕ ಆದ ಮೇಲೆ ರೈತರಿಗೆ ಎಸ್‌ಎಂಎಸ್ ಹೋಗುತ್ತಿತ್ತು, ದುಡ್ಡು ಹಾಕಿದಾಗ ಇನ್ನೊಂದು. ಒಂದು ಶುಕ್ರವಾರ ಪಬ್ಲಿಶ್ ಮಾಡಲು ಕನೆಕ್ಷನ್ ಸ್ಟ್ರಿಂಗನ್ನು ಲೈವ್ ಡೇಟಾಬೇಸ್‌ಗೆ ತಿರುಗಿಸಿದೆ. ಪಬ್ಲಿಶ್ ಆಯಿತು. ವಾಪಸ್ ತಿರುಗಿಸುವುದನ್ನು ಮರೆತೆ. ಶನಿವಾರ ಸಂಜೆ ಮನೆಯಲ್ಲಿ ಕೂತು ಪೇಮೆಂಟ್ ಭಾಗ ಟೆಸ್ಟ್ ಮಾಡಿದೆ. "ನಿಮ್ಮ ಖಾತೆಗೆ ಹಣ ಜಮಾ ಆಗಿದೆ" ಅನ್ನುವ ಸಂದೇಶ ನಿಜವಾದ ರೈತರ ಮೊಬೈಲಿಗೆ ಹೋಯಿತು.

ಸೋಮವಾರ ಪಾಂಡವಪುರದ ಹತ್ತಿರದ ಹಳ್ಳಿಯ ಒಬ್ಬ ಹಿರಿಯರು ಆ ಸಂದೇಶ ನಂಬಿ ಬಸ್ ಹತ್ತಿ ಬ್ಯಾಂಕಿಗೆ ಹೋಗಿದ್ದಾರೆ. ಮಗಳ ಕಾಲೇಜು ಫೀಸ್ ಕಟ್ಟಬೇಕಿತ್ತಂತೆ. ಖಾತೆಯಲ್ಲಿ ಏನೂ ಇಲ್ಲ. ಫೋನ್ ಮಾಡಿದಾಗ ಅವರು ಬೈಯಲಿಲ್ಲ, "ಹಂಗಾದ್ರೆ ದುಡ್ಡು ಯಾವಾಗ ಬರುತ್ತೆ ಸ್ವಾಮಿ" ಅಂತ ಅಷ್ಟೇ ಕೇಳಿದರು. ಆ ದನಿ ನನಗೆ ಇವತ್ತಿಗೂ ಮರೆತಿಲ್ಲ.

ಕೈಯಲ್ಲಿ ಬದಲಾಯಿಸುವುದು ಎಂದರೆ ಪ್ರತಿ ಸಲ ಎರಡು ಸಲ ನೆನಪಿಟ್ಟುಕೊಳ್ಳಬೇಕು: ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಒಮ್ಮೆ. ಯಾರೇ ಆದರೂ ಒಂದು ದಿನ ಮರೆಯುತ್ತಾರೆ. ಈ ಕೆಲಸವನ್ನು ಯಂತ್ರಕ್ಕೆ ಬಿಡಬೇಕು.

## ವೆಬ್.ಕಾನ್ಫಿಗ್ ಇರುವ ಪ್ರಾಜೆಕ್ಟ್‌ಗಳು

ವೆಬ್.ಕಾನ್ಫಿಗ್ ಕೆಳಗೆ ಇನ್ನೆರಡು ಮರಿ ಫೈಲ್ ಇದೆ. ಅವನ್ನ ಡಿಲೀಟ್ ಮಾಡಬಹುದಾ?

ಬೇಡ, ಅವೇ ಕೆಲಸದವು. ವೆಬ್.ಕಾನ್ಫಿಗ್ ಎಂದರೆ ಹಳೆಯ ಡಾಟ್‌ನೆಟ್ ಪ್ರಾಜೆಕ್ಟಿನ ಮುಖ್ಯ ಸೆಟ್ಟಿಂಗ್ ಫೈಲ್. ನಾವು ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದಲ್ಲಿ, 2010ರ ಆವೃತ್ತಿಯಿಂದ, ಎಎಸ್‌ಪಿ.ನೆಟ್ (ಡಾಟ್‌ನೆಟ್‌ನ ವೆಬ್ ಭಾಗ) ವೆಬ್ ಅಪ್ಲಿಕೇಶನ್ ಪ್ರಾಜೆಕ್ಟ್ ಮಾಡಿದರೆ ವೆಬ್.ಡಿಬಗ್.ಕಾನ್ಫಿಗ್, ವೆಬ್.ರಿಲೀಸ್.ಕಾನ್ಫಿಗ್ ಎರಡೂ ತಾವಾಗೇ ಬರುತ್ತವೆ. ಇವುಗಳಲ್ಲಿ ಪೂರ್ತಿ ಸೆಟ್ಟಿಂಗ್ ಇರುವುದಿಲ್ಲ. ಮೂಲ ಫೈಲಿನಲ್ಲಿ ಏನನ್ನು ಬದಲಾಯಿಸಬೇಕು ಅನ್ನುವ ಸೂಚನೆ ಮಾತ್ರ ಇರುತ್ತದೆ. ಇದಕ್ಕೆ ಟ್ರಾನ್ಸ್‌ಫಾರ್ಮ್ ಅನ್ನುತ್ತಾರೆ, ಭಾಷೆಗೆ ಎಕ್ಸ್‌ಡಿಟಿ ಅಂತ ಹೆಸರು.

ಹತ್ತಿರದಿಂದ ನೋಡೋಣ. ಮೂಲ ವೆಬ್.ಕಾನ್ಫಿಗ್‌ನ ಕನೆಕ್ಷನ್‌ಸ್ಟ್ರಿಂಗ್ಸ್ ಒಳಗೆ "ಕಬ್ಬುಡಿಬಿ" ಅನ್ನುವ ನೇಮ್ ಇರುವ ಒಂದು ಆ್ಯಡ್ ಸಾಲು ಇದೆ, ಅದು ನಿಮ್ಮ ಲೋಕಲ್ ಡೇಟಾಬೇಸ್ ತೋರಿಸುತ್ತಿದೆ. ವೆಬ್.ರಿಲೀಸ್.ಕಾನ್ಫಿಗ್‌ನಲ್ಲಿ ಅದೇ ನೇಮ್ ಇರುವ ಆ್ಯಡ್ ಸಾಲು ಬರೆದು, ಕನೆಕ್ಷನ್‌ಸ್ಟ್ರಿಂಗ್ ಜಾಗದಲ್ಲಿ ಸರ್ವರ್‌ನ ಬೆಲೆ (ವ್ಯಾಲ್ಯೂ) ಕೊಡುತ್ತೀರಿ. ಜೊತೆಗೆ ಇನ್ನೆರಡು ಗುಣ (ಆ್ಯಟ್ರಿಬ್ಯೂಟ್). ಎಕ್ಸ್‌ಡಿಟಿ ಟ್ರಾನ್ಸ್‌ಫಾರ್ಮ್ ಎಂದರೆ ಏನು ಮಾಡಬೇಕು, ಅದಕ್ಕೆ ಸೆಟ್‌ಆ್ಯಟ್ರಿಬ್ಯೂಟ್ಸ್. ಎಕ್ಸ್‌ಡಿಟಿ ಲೊಕೇಟರ್ ಎಂದರೆ ಯಾರಿಗೆ ಮಾಡಬೇಕು, ಅದಕ್ಕೆ ಮ್ಯಾಚ್, ಬ್ರಾಕೆಟ್ ಒಳಗೆ ನೇಮ್. ರಿಲೀಸ್ ಆಯ್ಕೆ ಮಾಡಿ ಪಬ್ಲಿಶ್ ಒತ್ತಿದಾಗ, ಹೊರಗೆ ಹೋಗುವ ವೆಬ್.ಕಾನ್ಫಿಗ್‌ನಲ್ಲಿ ಆ ಒಂದು ಸಾಲು ಬದಲಾಗಿರುತ್ತದೆ. ನಿಮ್ಮ ಮೂಲ ಫೈಲ್ ಇದ್ದ ಹಾಗೇ ಇರುತ್ತದೆ. ವಾಪಸ್ ತಿರುಗಿಸುವ ಮಾತೇ ಇಲ್ಲ.

ಮೇಲೆ ರಿಲೀಸ್ ಅಂತ ಸೆಲೆಕ್ಟ್ ಮಾಡಿ ಎಫ್5 ಒತ್ತಿದೆ. ಇನ್ನೂ ಲೋಕಲ್ ಡೇಟಾಬೇಸೇ ಬರ್ತಿದೆ. ನಂದೇನು ತಪ್ಪು?

ತಪ್ಪೇನೂ ಇಲ್ಲ. ನನ್ನ ಹತ್ತಿರ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ವೆಬ್.ಕಾನ್ಫಿಗ್ ಟ್ರಾನ್ಸ್‌ಫಾರ್ಮ್ ನಡೆಯುವುದು ಪಬ್ಲಿಶ್ ಅಥವಾ ಪ್ಯಾಕೇಜ್ ಮಾಡುವಾಗ. ಎಫ್5 ಒತ್ತಿ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದಾಗ ಆ್ಯಪ್ ಓದುವುದು ಮೂಲ ವೆಬ್.ಕಾನ್ಫಿಗನ್ನೇ. ಅದಕ್ಕೇ ಮೂಲ ಫೈಲಿನಲ್ಲಿ ಯಾವಾಗಲೂ ಡೆವಲಪ್‌ಮೆಂಟ್ ಸೆಟ್ಟಿಂಗ್ ಇಟ್ಟಿರಿ. ಮರೆತರೂ ಕೆಡುವುದು ನಿಮ್ಮ ಲೋಕಲ್ ಡೇಟಾ ಮಾತ್ರ.

ಫಲಿತಾಂಶ ಮೊದಲೇ ನೋಡಬೇಕಾ? ವೆಬ್.ರಿಲೀಸ್.ಕಾನ್ಫಿಗ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಿವ್ಯೂ ಟ್ರಾನ್ಸ್‌ಫಾರ್ಮ್ ಆಯ್ಕೆ ಮಾಡಿ. ಎಡಕ್ಕೆ ಮೂಲ, ಬಲಕ್ಕೆ ಬದಲಾದದ್ದು, ಪಕ್ಕಪಕ್ಕದಲ್ಲೇ ತೋರಿಸುತ್ತದೆ. ನಮ್ಮ ಆಫೀಸಿನಲ್ಲಿ ಇದನ್ನು ನೋಡದೆ ಯಾರೂ ಪಬ್ಲಿಶ್ ಬಟನ್ ಮುಟ್ಟುವಂತಿಲ್ಲ.

ಟ್ರಾನ್ಸ್‌ಫಾರ್ಮ್ ಬರೆದೆ, ಆದ್ರೆ ಒಂದ್ಸಲ ಏನೂ ಆಗ್ಲಿಲ್ಲ, ಇನ್ನೊಂದ್ಸಲ ಎಲ್ಲಾ ಸಾಲೂ ಒಂದೇ ಥರ ಆಗೋಯ್ತು!

ಎರಡಕ್ಕೂ ಕಾರಣ ಆ ಎರಡು ಗುಣಗಳು. ಎಕ್ಸ್‌ಡಿಟಿ ಟ್ರಾನ್ಸ್‌ಫಾರ್ಮ್ ಬರೆಯುವುದನ್ನೇ ಬಿಟ್ಟರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಸುಮ್ನೆ ಮುಂದೆ ಹೋಗುತ್ತದೆ. ಇದು ಅಪಾಯ, ಯಾಕಂದರೆ ಬಿಲ್ಡ್ ಹಸಿರಾಗಿಯೇ ಇರುತ್ತದೆ.

ಲೊಕೇಟರ್ ಬಿಟ್ಟರೆ ಇನ್ನೊಂದು ಥರ. ಆ್ಯಪ್‌ಸೆಟ್ಟಿಂಗ್ಸ್ ಅನ್ನುವ ವೆಬ್.ಕಾನ್ಫಿಗ್‌ನ ಭಾಗದ ಒಳಗೆ ಹತ್ತು ಆ್ಯಡ್ ಸಾಲುಗಳಿವೆ ಅಂದುಕೊಳ್ಳಿ. ಲೊಕೇಟರ್ ಇಲ್ಲದ ಸೆಟ್‌ಆ್ಯಟ್ರಿಬ್ಯೂಟ್ಸ್‌ಗೆ ಯಾವ ಸಾಲು ಅಂತ ಗೊತ್ತಾಗದೆ ಹತ್ತಕ್ಕೂ ನಿಮ್ಮ ಬೆಲೆ ಹಾಕುತ್ತದೆ. ಹತ್ತು ಸಾಲಿಗೂ ಒಂದೇ ಕೀ! ಅದೇ ಲೊಕೇಟರ್ ಇಲ್ಲದ ರಿಪ್ಲೇಸ್ ಆದರೆ ಸಿಕ್ಕಿದ ಮೊದಲ ಸಾಲನ್ನು ಮಾತ್ರ ಬದಲಾಯಿಸುತ್ತದೆ, ಅದು ನಿಮಗೆ ಬೇಕಾದ ಸಾಲೇ ಆಗಿರಬೇಕು ಅಂತೇನಿಲ್ಲ. ಆ್ಯಪ್‌ಸೆಟ್ಟಿಂಗ್ಸ್‌ಗೆ ಮ್ಯಾಚ್ ಒಳಗೆ ಕೀ, ಕನೆಕ್ಷನ್‌ಸ್ಟ್ರಿಂಗ್ಸ್‌ಗೆ ಮ್ಯಾಚ್ ಒಳಗೆ ನೇಮ್, ಇದನ್ನು ಬೆರಳಿಗೆ ರೂಢಿ ಮಾಡಿಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಕೂಡ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ಸಾಲು ಸಿಗುವುದಿಲ್ಲ.

ಡಿಬಗ್ ಟ್ರೂ ಅಂತ ಬಿಟ್ಟೇ ಲೈವ್ ಮಾಡಿದ್ದೀವಿ. ಸೈಟ್ ಓಡ್ತಾನೇ ಇದೆ. ತೊಂದರೆ ಇದೆಯಾ?

ಇದೆ. ಕಾಣುವುದು ನಿಧಾನವಾಗಿ. ಕಂಪೈಲೇಶನ್ ಸಾಲಿನಲ್ಲಿ ಡಿಬಗ್ ಟ್ರೂ ಇದ್ದರೆ ಪುಟಗಳನ್ನು ಒಟ್ಟಿಗೆ ಸೇರಿಸಿ ಕಂಪೈಲ್ ಮಾಡುವುದಿಲ್ಲ, ಒಂದೊಂದನ್ನೇ ಮಾಡುತ್ತದೆ. ಮೆಮೊರಿ ಜಾಸ್ತಿ ತಿನ್ನುತ್ತದೆ. ಸ್ಕ್ರಿಪ್ಟ್ ಮತ್ತು ಸ್ಟೈಲ್ ಫೈಲ್‌ಗಳನ್ನು ಒಟ್ಟುಗೂಡಿಸಿ ಚಿಕ್ಕದು ಮಾಡುವ ಬಂಡ್ಲಿಂಗ್ ಕೆಲಸ ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ರಿಕ್ವೆಸ್ಟ್ ಎಷ್ಟು ಹೊತ್ತು ಓಡಬಹುದು ಅನ್ನುವ ಮಿತಿ, ಮಾಮೂಲಾಗಿ 110 ಸೆಕೆಂಡ್, ಡಿಬಗ್ ಟ್ರೂ ಇದ್ದಾಗ ಲೆಕ್ಕಕ್ಕೇ ಬರುವುದಿಲ್ಲ. ಸಿಕ್ಕಿಹಾಕಿಕೊಂಡ ಒಂದು ರಿಕ್ವೆಸ್ಟ್ ಹಾಗೇ ಕೂತಿರುತ್ತದೆ. ಸಾಮಾನ್ಯ ದಿನ ಗೊತ್ತಾಗದಿರಬಹುದು. ದಸರಾ ಸಮಯದಲ್ಲಿ ಹೋಮ್‌ಸ್ಟೇ ಬುಕಿಂಗ್ ಸೈಟಿಗೆ ಜನ ನುಗ್ಗಿದಾಗ ಗೊತ್ತಾಗುತ್ತದೆ.

ತಾನಾಗೇ ಬರುವ ವೆಬ್.ರಿಲೀಸ್.ಕಾನ್ಫಿಗ್‌ನಲ್ಲಿ ಇದಕ್ಕೆ ಮದ್ದು ಆಗಲೇ ಇದೆ: ರಿಮೂವ್‌ಆ್ಯಟ್ರಿಬ್ಯೂಟ್ಸ್, ಬ್ರಾಕೆಟ್ ಒಳಗೆ ಡಿಬಗ್. ಆ ಸಾಲನ್ನು ಅಳಿಸಬೇಡಿ, ಅಷ್ಟೇ. ಸರ್ವರ್ ನಿಮ್ಮದೇ ಆಗಿದ್ದರೆ ಮೆಷಿನ್.ಕಾನ್ಫಿಗ್‌ನಲ್ಲಿ ಡಿಪ್ಲಾಯ್‌ಮೆಂಟ್ ರೀಟೇಲ್ ಟ್ರೂ ಅಂತ ಹಾಕಿ. ಆಗ ಆ ಯಂತ್ರದ ಮೇಲಿನ ಯಾವ ಸೈಟ್ ಡಿಬಗ್ ಟ್ರೂ ಅಂದರೂ ಅದು ಕೇಳುವುದಿಲ್ಲ. ಹೊರಗಿನವರಿಗೆ ಎರರ್‌ನ ಪೂರ್ತಿ ವಿವರ ತೋರಿಸುವುದೂ ನಿಲ್ಲುತ್ತದೆ.

ನಮಗೆ ಡಿಬಗ್, ರಿಲೀಸ್ ಎರಡೇ ಸಾಕಾಗಲ್ಲ. ಗ್ರಾಹಕರಿಗೆ ತೋರಿಸೋಕೆ ಒಂದು ಟೆಸ್ಟ್ ಸರ್ವರ್ ಇದೆ.

ಪಬ್ಲಿಶ್ ಪ್ರೊಫೈಲ್ (ಯಾವ ಸರ್ವರ್‌ಗೆ ಹೇಗೆ ಪಬ್ಲಿಶ್ ಮಾಡಬೇಕು ಅಂತ ಉಳಿಸಿಡುವ ಫೈಲ್) ಬಳಸಿ. ಪ್ರೊಫೈಲ್ ಹೆಸರಿನಲ್ಲೇ ಒಂದು ಟ್ರಾನ್ಸ್‌ಫಾರ್ಮ್ ಫೈಲ್ ಸೇರಿಸಬಹುದು, ಉದಾಹರಣೆಗೆ ವೆಬ್.ಟೆಸ್ಟ್‌ಸರ್ವರ್.ಕಾನ್ಫಿಗ್. ಮೊದಲು ಬಿಲ್ಡ್‌ನ ಟ್ರಾನ್ಸ್‌ಫಾರ್ಮ್, ಅದರ ಮೇಲೆ ಪ್ರೊಫೈಲ್‌ನ ಟ್ರಾನ್ಸ್‌ಫಾರ್ಮ್. ಹೀಗೆ ಎರಡು ಸರ್ವರ್‌ಗೂ ರಿಲೀಸ್ ಬಿಲ್ಡೇ ಹೋಗುತ್ತದೆ, ವಿಳಾಸ ಮಾತ್ರ ಬೇರೆ. ಇದಕ್ಕಾಗಿ ಹೊಸ ಬಿಲ್ಡ್ ಕಾನ್ಫಿಗರೇಶನ್ ಹುಟ್ಟಿಸುವುದು ನನಗೆ ಇಷ್ಟವಿಲ್ಲ.

ಪ್ಯಾಕೇಜ್ ಮಾಡಿ ನೋಡಿದ್ರೆ ಕನೆಕ್ಷನ್ ಸ್ಟ್ರಿಂಗ್ ಜಾಗದಲ್ಲಿ ರಿಪ್ಲೇಸಬಲ್‌ಟೋಕನ್ ಅಂತ ಏನೋ ಬಂದಿದೆ. ನಾನು ಬರೆದೇ ಇಲ್ಲ!

ಸರ್ವರ್‌ಗೆ ಆ್ಯಪ್ ಹಾಕುವ ಸಾಧನವಾದ ವೆಬ್ ಡಿಪ್ಲಾಯ್ ಅದನ್ನು ಹಾಕಿದೆ. ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಬೆಲೆ ತುಂಬಲಿ ಅಂತ ಜಾಗ ಖಾಲಿ ಬಿಟ್ಟಿರುತ್ತದೆ. ತುಂಬಬೇಕಾದ ಬೆಲೆ ಪಕ್ಕದ ಸೆಟ್‌ಪ್ಯಾರಾಮೀಟರ್ಸ್.ಎಕ್ಸ್‌ಎಂಎಲ್ ಫೈಲಿನಲ್ಲಿರುತ್ತದೆ. ಅದರ ಜೊತೆ ಬರುವ ಕಮಾಂಡ್ ಫೈಲಿನಿಂದ ಇನ್‌ಸ್ಟಾಲ್ ಮಾಡಿದರೆ ಸರಿಯಾಗುತ್ತದೆ. ಪ್ಯಾಕೇಜ್ ಬಿಚ್ಚಿ ಫೈಲುಗಳನ್ನು ಕಾಪಿ ಮಾಡುವ ಅಭ್ಯಾಸ ನಿಮ್ಮದಾಗಿದ್ದರೆ, ಪ್ರಾಜೆಕ್ಟ್ ಫೈಲಿನಲ್ಲಿ ಆಟೋಪ್ಯಾರಾಮೀಟರೈಸೇಶನ್‌ವೆಬ್‌ಕಾನ್ಫಿಗ್‌ಕನೆಕ್ಷನ್‌ಸ್ಟ್ರಿಂಗ್ಸ್ ಅನ್ನುವ ಗುಣಕ್ಕೆ ಫಾಲ್ಸ್ ಕೊಡಿ.

## ಹೊಸ ಡಾಟ್‌ನೆಟ್: ಆ್ಯಪ್‌ಸೆಟ್ಟಿಂಗ್ಸ್.ಜೇಸನ್

ಹೊಸ ಪ್ರಾಜೆಕ್ಟಲ್ಲಿ ರಿಲೀಸ್ ಬಿಲ್ಡ್ ಮಾಡಿದ್ರೂ ಡೆವಲಪ್‌ಮೆಂಟ್ ಸೆಟ್ಟಿಂಗೇ ಬರ್ತಿದೆ ಸರ್, ಯಾಕೆ?

ಎಎಸ್‌ಪಿ.ನೆಟ್ ಕೋರ್‌ನಲ್ಲಿ, ಅಂದರೆ ಹೊಸ ಡಾಟ್‌ನೆಟ್‌ನ ವೆಬ್ ಭಾಗದಲ್ಲಿ, ಬಿಲ್ಡಿಗೂ ಸೆಟ್ಟಿಂಗ್‌ಗೂ ಇದ್ದ ನಂಟನ್ನು ಕತ್ತರಿಸಿಬಿಟ್ಟಿದ್ದಾರೆ. ನನ್ನ ಪ್ರಕಾರ ಒಳ್ಳೆಯದೇ ಮಾಡಿದ್ದಾರೆ. ಇಲ್ಲಿ ಯಾವ ಸೆಟ್ಟಿಂಗ್ ಬರಬೇಕು ಅಂತ ತೀರ್ಮಾನಿಸುವುದು ಎಎಸ್‌ಪಿನೆಟ್‌ಕೋರ್ ಎನ್ವಿರಾನ್‌ಮೆಂಟ್ ಅನ್ನುವ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಆ್ಯಪ್‌ನ ಹೊರಗೆ, ಯಂತ್ರದಲ್ಲಿ ಇಡುವ ಹೆಸರು ಮತ್ತು ಬೆಲೆ). ಅದು ಡೆವಲಪ್‌ಮೆಂಟ್ ಅಂದರೆ ಆ್ಯಪ್‌ಸೆಟ್ಟಿಂಗ್ಸ್.ಡೆವಲಪ್‌ಮೆಂಟ್.ಜೇಸನ್ ಓದುತ್ತದೆ. ಪ್ರೊಡಕ್ಷನ್ ಅಂದರೆ ಆ ಹೆಸರಿನದ್ದು. ಏನೂ ಹೇಳದಿದ್ದರೆ ಪ್ರೊಡಕ್ಷನ್ ಅಂತಲೇ ತಿಳಿಯುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಡೆವಲಪ್‌ಮೆಂಟ್ ಅಂತ ಇಡುವುದು ಪ್ರಾಪರ್ಟೀಸ್ ಫೋಲ್ಡರ್ ಒಳಗಿನ ಲಾಂಚ್‌ಸೆಟ್ಟಿಂಗ್ಸ್.ಜೇಸನ್. ಆ ಫೈಲ್ ಪಬ್ಲಿಶ್ ಆಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ರಿಲೀಸ್ ಆಯ್ಕೆ ಮಾಡಿ ಓಡಿಸಿದರೂ ಡೆವಲಪ್‌ಮೆಂಟೇ. ಸರ್ವರ್ ಮೇಲೆ ಡೆವಲಪ್‌ಮೆಂಟ್ ಕಾಣಿಸುತ್ತಿದ್ದರೆ ಮಾತ್ರ ಯೋಚನೆ ಮಾಡಿ: ಯಾರೋ ಅಲ್ಲಿ ಆ ವೇರಿಯಬಲ್ ಇಟ್ಟಿದ್ದಾರೆ. ಮೊದಲು ಅದನ್ನು ತೆಗೆಯಿರಿ. ಡೆವಲಪ್‌ಮೆಂಟ್‌ನಲ್ಲಿ ಎರರ್ ಬಂದರೆ ನಿಮ್ಮ ಕೋಡಿನ ಸಾಲುಗಳು ಊರಿಗೆಲ್ಲ ಕಾಣುತ್ತವೆ.

ಒಂದೇ ಸೆಟ್ಟಿಂಗ್ ನಾಲ್ಕು ಕಡೆ ಇದೆ. ಕೊನೆಗೆ ಯಾವುದು ಗೆಲ್ಲುತ್ತೆ?

ಆಮೇಲೆ ಓದಿದ್ದು ಗೆಲ್ಲುತ್ತದೆ. ಮಾಮೂಲು ಸರದಿ ಹೀಗಿದೆ: ಆ್ಯಪ್‌ಸೆಟ್ಟಿಂಗ್ಸ್.ಜೇಸನ್, ಅದರ ಮೇಲೆ ಎನ್ವಿರಾನ್‌ಮೆಂಟ್ ಹೆಸರಿನ ಜೇಸನ್, ಡೆವಲಪ್‌ಮೆಂಟ್ ಆಗಿದ್ದರೆ ಯೂಸರ್ ಸೀಕ್ರೆಟ್ಸ್ (ಇದರ ಬಗ್ಗೆ ಮುಂದೆ ಹೇಳುತ್ತೇನೆ), ಆಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಕೊನೆಗೆ ಕಮಾಂಡ್ ಲೈನ್. ವೇರಿಯಬಲ್ ಹೆಸರಿನಲ್ಲಿ ಒಳಗೊಳಗಿನ ಸೆಟ್ಟಿಂಗ್ ಹೇಳಬೇಕಾದರೆ ನಡುವೆ ಎರಡು ಅಂಡರ್‌ಸ್ಕೋರ್ ಹಾಕಬೇಕು. ಒಂದೇ ಹಾಕಿ ಅರ್ಧ ದಿನ ಕಳೆದವರನ್ನು ನಾನು ತುಂಬ ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಪಟ್ಟಿ ರೂಪದ ಸೆಟ್ಟಿಂಗ್ ಪೂರ್ತಿ ಬದಲಾಗುವುದಿಲ್ಲ, ಸ್ಥಾನದ ಪ್ರಕಾರ ಒಂದೊಂದೇ ಬದಲಾಗುತ್ತದೆ. ಮೂಲ ಫೈಲಿನಲ್ಲಿ ಮೇಲ್ ಕಳಿಸಬೇಕಾದ ಮೂವರ ವಿಳಾಸ ಇದೆ, ಮೂರೂ ಟೆಸ್ಟ್ ವಿಳಾಸ. ಪ್ರೊಡಕ್ಷನ್ ಫೈಲಿನಲ್ಲಿ ಗ್ರಾಹಕರ ಒಂದೇ ವಿಳಾಸ ಹಾಕಿದಿರಿ. ಆಗ ಮೊದಲನೆಯದು ಮಾತ್ರ ಬದಲಾಗಿ, ಉಳಿದ ಎರಡು ಟೆಸ್ಟ್ ವಿಳಾಸ ಹಾಗೇ ಉಳಿಯುತ್ತವೆ. ಗ್ರಾಹಕರ ವರದಿ ನಿಮ್ಮ ಟೆಸ್ಟರ್‌ಗೂ ಹೋಗುತ್ತದೆ. ಪಟ್ಟಿಗಳನ್ನು ಮೂಲ ಫೈಲಿನಲ್ಲಿ ಇಡದೆ ಆಯಾ ಎನ್ವಿರಾನ್‌ಮೆಂಟ್ ಫೈಲಿನಲ್ಲೇ ಇಡುವುದು ಕ್ಷೇಮ.

ವಿಂಡೋಸಲ್ಲಿ ಸರಿ ಇದೆ, ಲಿನಕ್ಸ್ ಸರ್ವರ್‌ಗೆ ಹಾಕಿದ್ರೆ ಪ್ರೊಡಕ್ಷನ್ ಫೈಲ್ ಓದೋದೇ ಇಲ್ಲ.

ಫೈಲ್ ಹೆಸರು ನೋಡಿ. ಪ್ರೊಡಕ್ಷನ್ ಪದದ ಮೊದಲ ಅಕ್ಷರ ದೊಡ್ಡಕ್ಷರವೇ ಆಗಿರಬೇಕು. ಲಿನಕ್ಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಫೈಲ್ ಸಿಗದಿದ್ದರೂ ಎರರ್ ಬರುವುದಿಲ್ಲ, ಯಾಕಂದರೆ ಎನ್ವಿರಾನ್‌ಮೆಂಟ್ ಫೈಲ್ ಇರಲೇಬೇಕು ಅಂತ ಕಡ್ಡಾಯವಿಲ್ಲ.

ಐಐಎಸ್‌ನಲ್ಲಿ (ವಿಂಡೋಸ್‌ನ ವೆಬ್ ಸರ್ವರ್) ಆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಲ್ಲಿ ಇಡೋದು?

ಪಬ್ಲಿಶ್ ಪ್ರೊಫೈಲ್‌ನಲ್ಲಿ ಎನ್ವಿರಾನ್‌ಮೆಂಟ್‌ನೇಮ್ ಅನ್ನುವ ಗುಣ ಕೊಡಿ. ಪಬ್ಲಿಶ್ ಆಗುವಾಗ ತಾನಾಗೇ ಹುಟ್ಟುವ ವೆಬ್.ಕಾನ್ಫಿಗ್‌ನಲ್ಲಿ ಅದು ಸೇರಿಕೊಳ್ಳುತ್ತದೆ. ಲಿನಕ್ಸ್ ಆದರೆ ಆ್ಯಪ್ ಓಡಿಸುವ ಸಿಸ್ಟಮ್‌ಡಿ ಸರ್ವಿಸ್ ಫೈಲಿನಲ್ಲಿ ಒಂದು ಎನ್ವಿರಾನ್‌ಮೆಂಟ್ ಸಾಲು ಸಾಕು.

ಇಫ್ ಡಿಬಗ್ ಅಂತ ಕೋಡಲ್ಲೇ ಬರೆದು ಯುಆರ್‌ಎಲ್ ಬದಲಾಯಿಸಿದ್ರೆ ಸುಲಭ ಅಲ್ವಾ?

ಬರೆಯುವಾಗ ಸುಲಭ. ಆದರೆ ನೀವು ಟೆಸ್ಟ್ ಮಾಡಿದ ಕೋಡೇ ಬೇರೆ, ಹೊರಗೆ ಹೋದ ಕೋಡೇ ಬೇರೆ ಆಗಿಬಿಡುತ್ತದೆ. ಇಫ್ ಡಿಬಗ್ ಒಳಗಿನ ಸಾಲುಗಳು ರಿಲೀಸ್ ಬಿಲ್ಡಿನಲ್ಲಿ ಇರುವುದೇ ಇಲ್ಲ, ಎಲ್ಸ್ ಒಳಗಿನ ಸಾಲುಗಳನ್ನು ನಿಮ್ಮ ಡಿಬಗ್ ಬಿಲ್ಡ್ ಯಾವತ್ತೂ ಕಂಪೈಲ್ ಮಾಡಿರುವುದಿಲ್ಲ. ಸರ್ವರ್ ವಿಳಾಸ ಬದಲಾದರೆ ಇಡೀ ಆ್ಯಪ್ ಮತ್ತೆ ಕಟ್ಟಬೇಕು. ಡೆವಲಪರ್‌ಗೆ ಮಾತ್ರ ಬೇಕಾದ ಯಾವುದೋ ಪರೀಕ್ಷೆಯ ಸಾಲಿಗೆ ಬಳಸಿ, ವಿಳಾಸಕ್ಕೂ ಕೀಗೂ ಬೇಡವೇ ಬೇಡ.

## ಪಾಸ್‌ವರ್ಡ್, ಕೀ, ಗುಟ್ಟು

ಲೈವ್ ಪಾಸ್‌ವರ್ಡ್ ವೆಬ್.ರಿಲೀಸ್.ಕಾನ್ಫಿಗ್‌ನಲ್ಲೇ ಹಾಕಿ ಗಿಟ್‌ಗೆ ಕಮಿಟ್ ಮಾಡಿದ್ದೀನಿ. ರೆಪೊ ಪ್ರೈವೇಟ್ ಇದೆ, ಪರವಾಗಿಲ್ವಾ?

ಪರವಾಗಿಲ್ಲ ಅನ್ನುವಂತಿಲ್ಲ. ಇವತ್ತೇ ಆ ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ಫೈಲ್ ಸರಿಮಾಡಿ. ಈ ಸರದಿ ಮುಖ್ಯ. ಫೈಲಿನಿಂದ ಅಳಿಸಿದರೆ ಸಾಕು ಅಂದುಕೊಳ್ಳುತ್ತಾರೆ, ಆದರೆ ಗಿಟ್ ಕೋಡಿನ ಹಳೆಯ ರೂಪಗಳನ್ನೆಲ್ಲ ಉಳಿಸಿಡುತ್ತದೆ, ಅದರ ಇತಿಹಾಸದಲ್ಲಿ ಪಾಸ್‌ವರ್ಡ್ ಹಾಗೇ ಇರುತ್ತದೆ. ಪ್ರೈವೇಟ್ ರೆಪೊ ಆದರೂ ಬಿಟ್ಟು ಹೋದ ಇಂಟರ್ನ್ ಲ್ಯಾಪ್‌ಟಾಪ್‌ನಲ್ಲಿ ಒಂದು ಕಾಪಿ ಇದ್ದೇ ಇರುತ್ತದೆ.

ಮುಂದಕ್ಕೆ ಏನು ಮಾಡಬೇಕು? ಹಳೆಯ ಡಾಟ್‌ನೆಟ್‌ನಲ್ಲಿ ಆ್ಯಪ್‌ಸೆಟ್ಟಿಂಗ್ಸ್‌ಗೆ ಫೈಲ್ ಅನ್ನುವ ಗುಣ ಇದೆ. ಅದರಲ್ಲಿ ಹೊರಗಿನ ಒಂದು ಫೈಲ್ ಹೆಸರಿಸಿ, ಆ ಫೈಲನ್ನು ಗಿಟ್‌ಗೆ ಸೇರಿಸಬೇಡಿ. ಅದರಲ್ಲಿರುವ ಬೆಲೆಗಳು ಮೇಲೆ ಬಂದು ಕೂರುತ್ತವೆ. ಫೈಲ್ ಇಲ್ಲದಿದ್ದರೆ ಎರರ್ ಇಲ್ಲ. ಕನೆಕ್ಷನ್‌ಸ್ಟ್ರಿಂಗ್ಸ್‌ಗೆ ಕಾನ್ಫಿಗ್‌ಸೋರ್ಸ್, ಇಲ್ಲಿ ಫೈಲ್ ಇರಲೇಬೇಕು. ಸರ್ವರ್ ಮೇಲೆ ಎಎಸ್‌ಪಿನೆಟ್ ರೆಗ್‌ಐಐಎಸ್ ಕಮಾಂಡ್‌ನಿಂದ ಆ ಭಾಗವನ್ನು ಎನ್‌ಕ್ರಿಪ್ಟ್ ಮಾಡಬಹುದು. ಮಾಮೂಲಾಗಿ ಅದರ ಕೀ ಆ ಯಂತ್ರದ್ದೇ ಆಗಿರುತ್ತದೆ, ಹಾಗಾಗಿ ಫೈಲನ್ನು ಇನ್ನೊಂದು ಸರ್ವರ್‌ಗೆ ಕಾಪಿ ಮಾಡಿದರೆ ತೆರೆಯುವುದಿಲ್ಲ.

ಹೊಸ ಡಾಟ್‌ನೆಟ್‌ನಲ್ಲಿ ಲ್ಯಾಪ್‌ಟಾಪ್‌ಗೆ ಯೂಸರ್ ಸೀಕ್ರೆಟ್ಸ್, ಸರ್ವರ್‌ಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅಥವಾ ಅಜೂರ್ ಕೀ ವಾಲ್ಟ್ ಥರದ, ಗುಟ್ಟು ಇಡುವ ಕ್ಲೌಡ್ ಸೇವೆ. ಯೂಸರ್ ಸೀಕ್ರೆಟ್ಸ್ ಹೆಸರು ಕೇಳಿ ಮೋಸ ಹೋಗಬೇಡಿ, ಅದು ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಪ್ರಾಜೆಕ್ಟ್ ಫೋಲ್ಡರ್ ಹೊರಗೆ, ನಿಮ್ಮ ಯೂಸರ್ ಪ್ರೊಫೈಲ್ ಒಳಗೆ ಒಂದು ಸಾದಾ ಜೇಸನ್ ಫೈಲ್ ಅಷ್ಟೇ. ಗಿಟ್‌ಗೆ ಹೋಗುವುದಿಲ್ಲ ಅನ್ನುವುದೇ ಅದರ ಉಪಯೋಗ.

ಪಾಸ್‌ವರ್ಡ್ ಸರಿಯಾಗೇ ಇದೆ, ಲೈವ್‌ನಲ್ಲಿ ಸೈಟ್ ಎದ್ದೇಳ್ತಾನೇ ಇಲ್ಲ.

ಪಾಸ್‌ವರ್ಡ್ ಒಳಗೆ ಆಂಪರ್ಸೆಂಡ್ ಚಿಹ್ನೆ ಇದೆಯಾ ನೋಡಿ. ಎಕ್ಸ್‌ಎಂಎಲ್‌ನಲ್ಲಿ ಅದನ್ನು ಹಾಗೇ ಬರೆಯುವಂತಿಲ್ಲ, ಅದರ ಎಸ್ಕೇಪ್ ರೂಪ ಬೇಕು. ಇಲ್ಲದಿದ್ದರೆ ಇಡೀ ಫೈಲ್ ಕೆಡುತ್ತದೆ. ಜೇಸನ್‌ನಲ್ಲಿ ಇದೇ ಕಾಟ ಬ್ಯಾಕ್‌ಸ್ಲ್ಯಾಶ್‌ದು, ಎರಡು ಸಲ ಬರೆಯಬೇಕು. ಸೆಮಿಕೋಲನ್ ಇದ್ದರೆ ಕನೆಕ್ಷನ್ ಸ್ಟ್ರಿಂಗ್ ಅಲ್ಲಿಗೇ ತುಂಡಾಗುತ್ತದೆ, ಬೆಲೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು.

ರಿಯಾಕ್ಟ್‌ನಲ್ಲಿ ಡಾಟ್ ಎನ್ವ್ ಫೈಲಲ್ಲಿ ಕೀ ಇಟ್ಟಿದ್ದೀನಿ. ಅದು ಸೇಫ್ ತಾನೆ?

ಅಲ್ಲ. ಬ್ರೌಸರ್‌ನಲ್ಲಿ ಓಡುವ ಆ್ಯಪ್‌ಗೆ ಗುಟ್ಟು ಅನ್ನುವುದೇ ಇಲ್ಲ. ರಿಯಾಕ್ಟ್ ಆ್ಯಪ್ ಕಟ್ಟಲು ವೀಟ್ ಅನ್ನುವ ಸಾಧನ ಬಳಸುವಾಗ ವೀಟ್ ಅಂಡರ್‌ಸ್ಕೋರ್‌ನಿಂದ ಶುರುವಾಗುವ ವೇರಿಯಬಲ್‌ಗಳ ಬೆಲೆ ಬಿಲ್ಡ್ ಮಾಡುವಾಗಲೇ ಜಾವಾಸ್ಕ್ರಿಪ್ಟ್ ಒಳಗೆ ಅಚ್ಚಾಗುತ್ತದೆ. ಯಾರು ಬೇಕಾದರೂ ಪುಟದ ಸೋರ್ಸ್ ತೆರೆದು ಓದಬಹುದು. ಗುಟ್ಟಿನ ಕೀ ಬೇಕಾದ ಕೆಲಸವನ್ನು ನಿಮ್ಮ ಸರ್ವರ್ ಮೂಲಕ ಮಾಡಿಸಿ.

ಅಚ್ಚಾಗುವುದರಿಂದ ಇನ್ನೊಂದು ತೊಡಕಿದೆ. ಟೆಸ್ಟ್ ಸರ್ವರ್‌ಗೆ ಕಟ್ಟಿದ್ದನ್ನು ಹಾಗೇ ಲೈವ್‌ಗೆ ಹಾಕಲಾಗುವುದಿಲ್ಲ. ಇದಕ್ಕೆ ನಾವು ಮಾಡುವುದು ಇಷ್ಟೆ: ಪುಟ ತೆರೆದ ಕೂಡಲೇ ಕಾನ್ಫಿಗ್.ಜೇಸನ್ ಅನ್ನುವ ಚಿಕ್ಕ ಫೈಲನ್ನು ಸರ್ವರ್‌ನಿಂದ ತರಿಸಿ ಎಪಿಐ ವಿಳಾಸ ಓದಿಕೊಳ್ಳುತ್ತೇವೆ. ಆ ಫೈಲ್ ಮಾತ್ರ ಸರ್ವರ್‌ನಿಂದ ಸರ್ವರ್‌ಗೆ ಬೇರೆ.

## ಸರ್ವರ್ ಮೇಲೆ ಹೋದ ಮೇಲೆ

ಲೈವ್‌ನಲ್ಲಿ ವೆಬ್.ಕಾನ್ಫಿಗ್ ಒಂದು ಸಾಲು ಬದಲಾಯಿಸಿದೆ, ಎಲ್ಲರೂ ಲಾಗೌಟ್ ಆಗೋದ್ರು.

ವೆಬ್.ಕಾನ್ಫಿಗ್ ಸೇವ್ ಆದ ತಕ್ಷಣ ಆ್ಯಪ್ ಮತ್ತೆ ಶುರುವಾಗುತ್ತದೆ. ಸೆಷನ್ ಅದೇ ಪ್ರೊಸೆಸ್‌ನ ಮೆಮೊರಿಯಲ್ಲಿದ್ದರೆ ಅಳಿಸಿಹೋಗುತ್ತದೆ. ಅರ್ಧ ತುಂಬಿದ ಫಾರ್ಮ್, ಅರ್ಧ ಹಾಕಿದ ಬಿಲ್, ಎಲ್ಲ ಹೋಗುತ್ತದೆ. ಜನ ಕಮ್ಮಿ ಇರುವ ಹೊತ್ತಿನಲ್ಲಿ ಮಾಡಿ.

ಹೊಸ ಡಾಟ್‌ನೆಟ್‌ನಲ್ಲಿ ಆ್ಯಪ್‌ಸೆಟ್ಟಿಂಗ್ಸ್.ಜೇಸನ್ ಬದಲಾದರೆ ಆ್ಯಪ್ ನಿಲ್ಲದೆ ಮತ್ತೆ ಓದಿಕೊಳ್ಳುತ್ತದೆ. ಆದರೆ ನಿಮ್ಮ ಕ್ಲಾಸ್ ಸೆಟ್ಟಿಂಗ್ ಓದಲು ಐಆಪ್ಷನ್ಸ್ ಬಳಸಿದ್ದರೆ ಹಳೆಯ ಬೆಲೆಯನ್ನೇ ಹಿಡಿದುಕೊಂಡಿರುತ್ತದೆ. ಐಆಪ್ಷನ್ಸ್‌ಸ್ನ್ಯಾಪ್‌ಶಾಟ್ ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ನೋಡುತ್ತದೆ, ಐಆಪ್ಷನ್ಸ್‌ಮಾನಿಟರ್ ಯಾವಾಗ ಕೇಳಿದರೂ ಈಗಿನದ್ದನ್ನೇ ಕೊಡುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಾಯಿಸಿದರೆ ರೀಸ್ಟಾರ್ಟ್ ಮಾಡಲೇಬೇಕು.

ಲೈವ್‌ನಲ್ಲಿ ಎಲ್ಲಾ ಸಮಯಾನೂ ಐದೂವರೆ ಗಂಟೆ ಹಿಂದೆ ತೋರಿಸ್ತಿದೆ. ಇದೂ ಕಾನ್ಫಿಗ್ ತಪ್ಪಾ?

ನಿಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿದೆ, ಸರ್ವರ್ ಯುಟಿಸಿಯಲ್ಲಿದೆ (ಜಗತ್ತಿಗೆಲ್ಲ ಒಂದೇ ಆದ ಸಮಯ). ಸರ್ವರ್‌ನ ಗಡಿಯಾರ ಬದಲಾಯಿಸಲು ಹೋಗಬೇಡಿ. ಡೇಟಾಬೇಸ್‌ನಲ್ಲಿ ಯುಟಿಸಿ ಇಟ್ಟು, ತೋರಿಸುವಾಗ ಮಾತ್ರ ಭಾರತದ ಸಮಯಕ್ಕೆ ತಿರುಗಿಸಿ. ಟೈಮ್‌ಝೋನ್ ಹೆಸರು ವಿಂಡೋಸ್‌ನಲ್ಲಿ ಇಂಡಿಯಾ ಸ್ಟ್ಯಾಂಡರ್ಡ್ ಟೈಮ್, ಲಿನಕ್ಸ್‌ನಲ್ಲಿ ಏಷ್ಯಾ ಸ್ಲ್ಯಾಶ್ ಕೋಲ್ಕತಾ. ಡಾಟ್‌ನೆಟ್ 6ರಿಂದ ಯಾವ ಹೆಸರು ಕೊಟ್ಟರೂ ಎರಡೂ ಕಡೆ ನಡೆಯುತ್ತದೆ.

ನೀವು ಹೇಳಿದ ಎಸ್‌ಎಂಎಸ್ ಥರದ್ದು ಮತ್ತೆ ಆಗದ ಹಾಗೆ ಏನು ಮಾಡಿದ್ರಿ?

ಮೂರು ಕೆಲಸ ಮಾಡಿದೆವು. ಮೊದಲನೆಯದು, ಡೆವಲಪ್‌ಮೆಂಟ್‌ನಲ್ಲಿ ಎಸ್‌ಎಂಎಸ್ ಕಳಿಸುವ ಕ್ಲಾಸೇ ಬೇರೆ. ಅದು ಸಂದೇಶವನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆದು ಸುಮ್ಮನಾಗುತ್ತದೆ. ನಿಜವಾದ ಗೇಟ್‌ವೇ ಕೀ ಡೆವಲಪರ್ ಯಂತ್ರದಲ್ಲಿ ಇರುವುದೇ ಇಲ್ಲ.

ಎರಡನೆಯದು, ಲೈವ್ ಡೇಟಾಬೇಸ್‌ಗೆ ಆಫೀಸಿನ ಲ್ಯಾಪ್‌ಟಾಪ್‌ಗಳಿಂದ ದಾರಿಯನ್ನೇ ಮುಚ್ಚಿದೆವು. ಫೈರ್‌ವಾಲ್‌ನಲ್ಲಿ ಸರ್ವರ್ ವಿಳಾಸಕ್ಕೆ ಮಾತ್ರ ಬಾಗಿಲು. ಕನೆಕ್ಷನ್ ಸ್ಟ್ರಿಂಗ್ ತಪ್ಪಿದರೂ ಅಲ್ಲಿಗೆ ತಲುಪಲಾಗುವುದಿಲ್ಲ.

ಮೂರನೆಯದು, ಆ್ಯಪ್ ಏಳುವಾಗಲೇ ಪರೀಕ್ಷೆ. ಬೇಕಾದ ಸೆಟ್ಟಿಂಗ್ ಖಾಲಿ ಇದ್ದರೆ, ಅಥವಾ ಪ್ರೊಡಕ್ಷನ್‌ನಲ್ಲಿ ಲೋಕಲ್‌ಹೋಸ್ಟ್ ಅನ್ನುವ ಪದ ಕಂಡರೆ, ಆ್ಯಪ್ ಶುರುವಾಗುವುದೇ ಇಲ್ಲ. ಹೊಸ ಡಾಟ್‌ನೆಟ್‌ನಲ್ಲಿ ವ್ಯಾಲಿಡೇಟ್‌ಆನ್‌ಸ್ಟಾರ್ಟ್ ಇದಕ್ಕೇ ಇದೆ, 6ನೇ ಆವೃತ್ತಿಯಿಂದ. ಹಳೆಯದರಲ್ಲಿ ಗ್ಲೋಬಲ್.ಎಎಸ್‌ಎಎಕ್ಸ್ ಒಳಗಿನ ಅಪ್ಲಿಕೇಶನ್ ಸ್ಟಾರ್ಟ್‌ನಲ್ಲಿ ನಾವೇ ಬರೆದಿದ್ದೇವೆ. ಟೆಸ್ಟ್ ಸರ್ವರ್‌ನ ಪುಟಗಳ ಮೇಲೆ ದಪ್ಪ ಹಳದಿ ಪಟ್ಟಿಯೂ ಇದೆ, ಯಾವ ಜಾಗದಲ್ಲಿದ್ದೇವೆ ಅಂತ ಕಣ್ಣಿಗೆ ಹೊಡೆಯಲಿ ಅಂತ.

ಎಲ್ಲಾ ಮಾಡಿದ್ರೂ ಲೈವ್‌ನಲ್ಲಿ ಒಂದು ಬೆಲೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ಲ. ಎಲ್ಲಿ ನೋಡೋದು?

ಹಳೆಯ ಪ್ರಾಜೆಕ್ಟ್ ಆದರೆ ಸರ್ವರ್ ಮೇಲಿನ ವೆಬ್.ಕಾನ್ಫಿಗನ್ನೇ ತೆರೆದು ಓದಿ. ನಿಮ್ಮ ಲ್ಯಾಪ್‌ಟಾಪ್‌ನದ್ದನ್ನಲ್ಲ. ಮೇಲಿನ ಫೋಲ್ಡರ್‌ನಲ್ಲಿ ಇನ್ನೊಂದು ವೆಬ್.ಕಾನ್ಫಿಗ್ ಇದ್ದರೆ ಅದರ ಸೆಟ್ಟಿಂಗ್ ಕೂಡ ಕೆಳಗೆ ಇಳಿದು ಬರುತ್ತದೆ, ಅದನ್ನೂ ನೋಡಿ.

ಹೊಸ ಡಾಟ್‌ನೆಟ್‌ನಲ್ಲಿ ಕಾನ್ಫಿಗರೇಶನ್ ರೂಟ್ ಮೇಲೆ ಗೆಟ್‌ಡಿಬಗ್‌ವ್ಯೂ ಅನ್ನುವ ಮೆಥಡ್ ಇದೆ. ಪ್ರತಿ ಸೆಟ್ಟಿಂಗ್, ಅದರ ಬೆಲೆ, ಅದು ಯಾ‌ವ ಮೂಲದಿಂದ ಬಂತು ಅನ್ನುವುದನ್ನು ಸಾಲಾಗಿ ಕೊಡುತ್ತದೆ. "ಜೇಸನ್ ಫೈಲಿನಿಂದ ಬರುತ್ತಿದೆ" ಅಂತ ಎರಡು ದಿನ ವಾದ ಮಾಡಿದ ಒಂದು ಸೆಟ್ಟಿಂಗ್, ನೋಡಿದರೆ ಯಾವತ್ತೋ ಸರ್ವರ್‌ನಲ್ಲಿ ಇಟ್ಟು ಮರೆತ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರುತ್ತಿತ್ತು. ಇದರ ಫಲಿತಾಂಶದಲ್ಲಿ ಪಾಸ್‌ವರ್ಡ್‌ಗಳೂ ಹಾಗೇ ಕಾಣುತ್ತವೆ. ಹಾಗಾಗಿ ವೆಬ್ ಪುಟವಾಗಿ ತೆರೆದಿಡಬೇಡಿ, ಲಾಗ್‌ಗೂ ಬರೆಯಬೇಡಿ. ಸರ್ವರ್ ಮೇಲೆ ಕೂತು ಒಮ್ಮೆ ಓಡಿಸಿ, ನೋಡಿ, ಆ ಸಾಲನ್ನು ಕೋಡಿನಿಂದ ತೆಗೆದುಬಿಡಿ.